ಹಳೇ ಬಿದಿರಿನ ಫ್ಲೈ ರಾಡ್: ರೀಲ್ ಸೀಟ್ ಅಲ್ಲಾಡ್ತಿದೆ. ಬಿಚ್ಚಲೇಬೇಕಾ, ಸಿರಿಂಜಲ್ಲಿ ಅಂಟು ಬಿಟ್ಟರೆ ಸಾಕಾ?

ಕಕ್ಕಬ್ಬೆ_ಕಾರ್ಕ್

ಮೀನು ಹಿಡಿಯುವ ಈ ರಾಡ್ ಇಂಗ್ಲೆಂಡಿನದು, ಎರಡನೇ ಮಹಾಯುದ್ಧಕ್ಕೆ ಮುಂಚಿನದು. ಆರು ಸೀಳು ಸೇರಿಸಿ ಅಂಟಿಸಿದ ಬಿದಿರು, 9 ಅಡಿ, ಎರಡು ತುಂಡು. ಲೈನ್ ಸುತ್ತುವ ರೀಲ್ ಕೂರುವ ಜಾಗ, ಅಂದರೆ ಸೀಟ್, ತೀರಾ ಸರಳ: ವಾಲ್‌ನಟ್ ಮರದ 85 ಮಿ.ಮೀ. ಉದ್ದದ ಕೊಳವೆ, ಬುಡದಲ್ಲಿ ರೀಲಿನ ಪಾದ ತೂರಿಸುವ ಜರ್ಮನ್ ಸಿಲ್ವರ್ ಟೋಪಿ, ಮೇಲಿಂದ ಜಾರಿ ಬಂದು ಹಿಡಿಯುವ ಬಳೆ. ಥ್ರೆಡ್ ಗಿರೆಡ್ ಏನೂ ಇಲ್ಲ.

ಕಾರ್ಕ್ ಹಿಡಿಯನ್ನು ಒಂದು ಕೈಯಲ್ಲಿ ಹಿಡಿದು ಸೀಟನ್ನು ತಿರುಚಿದರೆ ಸುಮಾರು 2 ಮಿ.ಮೀ. ತಿರುಗಿ ಟಕ್ ಅಂತ ನಿಲ್ಲುತ್ತೆ. ವಾಪಸ್ ತಿರುಚಿದರೆ ಮತ್ತೆ ಅಷ್ಟೇ. ಜುಲೈ ಆಗಸ್ಟಲ್ಲಿ ಗಟ್ಟಿ ಇರುತ್ತೆ, ಫೆಬ್ರವರಿ ಬಂದರೆ ಶುರು. ಮೂರು ಪ್ರಶ್ನೆ:

ಪೂರ್ತಿ ಬಿಚ್ಚದೆ ಸಣ್ಣ ತೂತು ಕೊರೆದು ಎಪಾಕ್ಸಿ ಬಿಟ್ಟರೆ ನಿಲ್ಲುತ್ತಾ? ಐದು ನಿಮಿಷದ ಎಪಾಕ್ಸಿ ಮನೆಯಲ್ಲಿದೆ, ಅದು ಆಗುತ್ತಾ? ಬಿಚ್ಚಲೇಬೇಕು ಅಂದರೆ ಎಷ್ಟು ಬಿಸಿ ಕೊಡಬಹುದು?

ಆರುಸೀಳು

ಬಿಸಿ, ಅಂಟು ಎಲ್ಲ ಆಮೇಲೆ. ನಿಮ್ಮ ಪ್ರಶ್ನೆಯಲ್ಲೇ ಒಂದು ಮಾತು ಇದೆ: "ಟಕ್ ಅಂತ ನಿಲ್ಲುತ್ತೆ". ಅಂಟು ಬಿಟ್ಟಿದ್ದು ಮಾತ್ರ ಆಗಿದ್ದರೆ ಸೀಟ್ ಸುತ್ತಲೂ ಗಿರ್ರನೆ ತಿರುಗಬೇಕು, ಇಲ್ಲವೇ ಜಿಗುಟಾಗಿ ಹಿಡಿದುಕೊಳ್ಳಬೇಕು. ಎರಡೂ ಕಡೆ ಒಂದೇ ಜಾಗದಲ್ಲಿ ನಿಲ್ಲುತ್ತಿದೆ ಅಂದರೆ ಒಳಗೆ ಪಿನ್ ಇದೆ. ಟೋಪಿಯ ಪಕ್ಕದಿಂದ ಹೊಡೆದ ಪಿನ್ ಲೋಹ, ಮರ ಎರಡನ್ನೂ ದಾಟಿ ಬಿದಿರಿನೊಳಗೆ ಹೋಗಿದೆ. ಅಂಟು ಸತ್ತಿದೆ, ಇಡೀ ಭಾರ ಆ ಪಿನ್ ಮೇಲೆ, ಪಿನ್ನಿನ ತೂತು ಉದ್ದುದ್ದ ಆಗಿದೆ. ಆ 2 ಮಿ.ಮೀ. ಎಲ್ಲಿಂದ ಬಂತು ಅಂದರೆ ಇಲ್ಲಿಂದ. ಈ ಸ್ಥಿತಿಯಲ್ಲಿ ಬಲ ಹಾಕಿ ತಿರುಚಿದರೆ ಬಿದಿರಿನ ಬುಡವೇ ಸೀಳುತ್ತೆ. ಆಡಿಸಿ ನೋಡೋದನ್ನು ಇವತ್ತೇ ನಿಲ್ಲಿಸಿ.

ಖಚಿತ ಮಾಡಿಕೊಳ್ಳೋಕೆ ಹೀಗೆ ಮಾಡಿ. ಮೂರು ಸಂಧಿಗಳಿವೆ: ಟೋಪಿ ಮತ್ತು ಮರ, ಮರ ಮತ್ತು ಬಿದಿರು, ಮರ ಮತ್ತು ಕಾರ್ಕ್ ಕೂಡುವ ಅಂಚು. ಟೋಪಿಯಿಂದ ಕಾರ್ಕ್ ತನಕ ಉದ್ದಕ್ಕೆ ಒಂದು ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಪೆನ್ಸಿಲ್ಲಲ್ಲಿ ನೇರ ಗೆರೆ ಎಳೆಯಿರಿ. ಸಂಧಿ ಬರುವ ಕಡೆ ಬ್ಲೇಡಿನಿಂದ ಟೇಪನ್ನಷ್ಟೇ ಕತ್ತರಿಸಿ. ಮೆಲ್ಲಗೆ ಒಂದೇ ಸಲ ತಿರುಚಿ. ಗೆರೆ ಯಾವ ಸಂಧಿಯಲ್ಲಿ ಮುರಿಯಿತೋ ಸಡಿಲ ಅಲ್ಲಿ. ಮರ ಮತ್ತು ಕಾರ್ಕ್ ನಡುವೆ ಮುರಿದರೆ ಮರ ಬಿದಿರಿನ ಮೇಲೆ ತಿರುಗುತ್ತಿದೆ ಅಂತಲೇ ಅರ್ಥ. ಟೋಪಿ ಮತ್ತು ಮರದ ನಡುವೆ ಮಾತ್ರ ಮುರಿದರೆ ನಿಮ್ಮ ಅದೃಷ್ಟ, ಅರ್ಧ ಗಂಟೆಯ ಕೆಲಸ.

ಇನ್ನೊಂದು: ರೀಲ್ ಹಾಕಿದಾಗ ಮಾತ್ರ ಅಲ್ಲಾಟ ಕಾಣಿಸಿದರೆ ಅದು ಸೀಟಿನ ತಪ್ಪಲ್ಲ. ಹೊಸ ರೀಲಿನ ಪಾದ ತೆಳ್ಳಗಿರುತ್ತೆ, ಹಳೇ ಟೋಪಿಯ ಬಾಯಿ ಅಗಲ ಇರುತ್ತೆ. ನಿಮ್ಮದು ಹಾಗಲ್ಲ ಅನ್ನಿಸುತ್ತೆ, ಆದರೂ ರೀಲ್ ತೆಗೆದೇ ಪರೀಕ್ಷೆ ಮಾಡಿ.

ಸಿರಿಂಜ್ ವಿಷಯ: ಬೇಡ. ಒಳಗೆ ಪುಡಿಯಾದ ಹಳೇ ಅಂಟಿದೆ. ಎಪಾಕ್ಸಿ ಆ ಪುಡಿಗೆ ಅಂಟುತ್ತೆ, ಮರಕ್ಕೂ ಅಲ್ಲ, ಬಿದಿರಿಗೂ ಅಲ್ಲ. ಒಂದೆರಡು ವರ್ಷ ನಿಂತು ಮತ್ತೆ ಬಿಡುತ್ತೆ. ಆಗ ಬಿಚ್ಚೋಕೆ ಹೋದರೆ ಅರ್ಧ ಜಾಗದಲ್ಲಿ ಕಲ್ಲಿನಂತೆ ಕೂತ ಎಪಾಕ್ಸಿ, ಉಳಿದರ್ಧದಲ್ಲಿ ಏನೂ ಇಲ್ಲ. ಹಳೇ ರಾಡುಗಳನ್ನು ರಿಪೇರಿಗಿಂತ ಹೆಚ್ಚು ಕೆಡಿಸಿದ್ದು ಈ ಸಿರಿಂಜ್ ವೈದ್ಯ.

ಬೆಂಚ್_ವೈಸ್

ಆರುಸೀಳು ಅವರು ಹೇಳಿದ್ದು ಸರಿ. ಪಿನ್ ಹುಡುಕುವ ರೀತಿ ಹೇಳುತ್ತೇನೆ, ಯಾಕೆಂದರೆ ಅದು ಸುಲಭಕ್ಕೆ ಕಾಣುವುದಿಲ್ಲ. ಪಿನ್ ಕೂಡ ಜರ್ಮನ್ ಸಿಲ್ವರ್‌ನದೇ, ಹೊಡೆದ ಮೇಲೆ ಅರದಲ್ಲಿ ಸಮ ಮಾಡಿ ಪಾಲಿಶ್ ಮಾಡಿರುತ್ತಾರೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಲೋಹಕ್ಕೆ ಅಡ್ಡಡ್ಡವಾಗಿ ಹಿಡಿದು, ಅಕ್ಕಸಾಲಿಗರ 10 ಪಟ್ಟಿನ ಲೆನ್ಸಿನಲ್ಲಿ ಟೋಪಿಯನ್ನು ಸುತ್ತಲೂ ನೋಡಿ. 1ರಿಂದ 1.5 ಮಿ.ಮೀ. ಅಗಲದ ಸಣ್ಣ ವೃತ್ತ ಕಾಣುತ್ತದೆ. ಅದರ ನೇರ ಎದುರು ಬದಿಯಲ್ಲೂ ಒಂದು ವೃತ್ತ ಇದೆಯೇ ನೋಡಿ. ಇದ್ದರೆ ಪಿನ್ ಆರಪಾರ, ಇಲ್ಲದಿದ್ದರೆ ಕುರುಡು ಪಿನ್. ಪಿನ್ ಕಾಣಲಿಲ್ಲವೆಂದು ಟೋಪಿಗೆ ಬ್ರಾಸೋ ಹಾಕಿ ಉಜ್ಜಬೇಡಿ. ಕಂಪನಿಯ ಮುದ್ರೆ, ನಂಬರ್ ಇದ್ದರೆ ಅದರ ಅಂಚು ಸವೆಯುತ್ತದೆ. ಹಳೇ ರಾಡಿನ ಗುರುತು, ಬೆಲೆ ಎರಡೂ ಅಲ್ಲಿಯೇ ಇರುವುದು.

ಆರಪಾರ ಪಿನ್ ಆದರೆ: ಮರದ ತುಂಡಿಗೆ ವಿ ಆಕಾರದ ತೋಡು ಕೊರೆದು ಅದರಲ್ಲಿ ಟೋಪಿ ಕೂರಿಸಿ, ಪಿನ್ನಿನ ಕೆಳಗೆ ಬರುವಂತೆ ಆ ತುಂಡಿನಲ್ಲೊಂದು ತೂತು ಇರಲಿ. ಪಿನ್ನಿಗಿಂತ 0.2 ಮಿ.ಮೀ. ಸಣ್ಣ ಪಂಚ್ ಇಟ್ಟು ಸಣ್ಣ ಸುತ್ತಿಗೆಯಲ್ಲಿ ತಟ್ಟಿ. ದೊಡ್ಡ ಏಟು ಒಂದರ ಬದಲು ಸಣ್ಣ ಏಟು ಹತ್ತು.

ಕುರುಡು ಪಿನ್ ಆದರೆ ಕೊರೆದೇ ತೆಗೆಯಬೇಕು. ಮಧ್ಯದಲ್ಲಿ ಚೂಪು ಮೊಳೆಯಿಂದ ಚುಕ್ಕಿ ಹೊಡೆಯದೆ ಡ್ರಿಲ್ ಇಡಬೇಡಿ, ಬಿಟ್ ಪಕ್ಕಕ್ಕೆ ಜಾರಿ ಟೋಪಿಯ ಮೇಲೆ ಗೀರು ಬೀಳುತ್ತದೆ. ಪಿನ್ನಿಗಿಂತ ಸ್ವಲ್ಪ ಸಣ್ಣ ಬಿಟ್, ಕೈಯಲ್ಲೇ ತಿರುಗಿಸುವ ಪಿನ್ ವೈಸ್. ಎಷ್ಟು ಆಳ ಬೇಕೋ ಅಷ್ಟಕ್ಕೆ ಬಿಟ್ಟಿಗೆ ಟೇಪಿನ ಬಾವುಟ ಸುತ್ತಿಕೊಳ್ಳಿ. ಕೈ ನಡುಗುವಂತಿದ್ದರೆ ಊರಿನ ಅಕ್ಕಸಾಲಿಗರ ಹತ್ತಿರ ಕೊಡಿ, ಅವರಿಗಿದು ದಿನನಿತ್ಯದ ಕೆಲಸ. "ಬಿಸಿ ಮಾಡಬೇಡಿ, ಬೆಸುಗೆ ಬೇಡ, ಪಾಲಿಶ್ ಬೇಡ" ಅಂತ ಮೂರು ಮಾತು ಮೊದಲೇ ಹೇಳಿ, ಇಲ್ಲದಿದ್ದರೆ ಪ್ರೀತಿಯಿಂದ ಕನ್ನಡಿಯಂತೆ ಹೊಳೆಸಿ ಕೊಡುತ್ತಾರೆ.

ಈಗ ಬಿಸಿಯ ಪ್ರಶ್ನೆ. ಯುದ್ಧಕ್ಕೆ ಮುಂಚಿನ ರಾಡ್ ಅಂದಿದ್ದೀರಿ. ಆ ಕಾಲದಲ್ಲಿ ಆರು ಸೀಳನ್ನು ಸಾಮಾನ್ಯವಾಗಿ ಅಂಟಿಸುತ್ತಿದ್ದದ್ದು ಪ್ರಾಣಿಜನ್ಯ ಸರೇಸಿನಲ್ಲಿ. ಸರೇಸಿಗೆ ಶತ್ರುಗಳು ಎರಡು, ಬಿಸಿ ಮತ್ತು ತೇವ. ಎರಡೂ ಸೇರಿದರೆ ಸೀಳುಗಳೇ ಬಿಟ್ಟುಕೊಳ್ಳುತ್ತವೆ. ಹಾಗಾಗಿ ಕಾರ್ಬನ್ ರಾಡಿನವರು ಹೇಳುವ "ಕುದಿಯುವ ನೀರಲ್ಲಿ ಅದ್ದಿ" ನಿಮಗಲ್ಲ. ಹೇರ್ ಡ್ರೈಯರ್ ಸಾಕು. ಕಾರ್ಕಿಗೂ ಅದರ ಮೇಲಿನ ವಾರ್ನಿಶಿಗೂ ಅಡಿಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ, ಒಣ ಬಟ್ಟೆ ಕಟ್ಟಿ. ಸೀಟನ್ನು ತಿರುಗಿಸುತ್ತಾ 30 ಸೆಕೆಂಡ್ ಗಾಳಿ, 30 ಸೆಕೆಂಡ್ ಬಿಡುವು. ಮುಟ್ಟಿ ನೋಡಿ: ಬೆರಳು ಎರಡೇ ಸೆಕೆಂಡ್ ತಡೆದುಕೊಳ್ಳುವಷ್ಟು ಬಿಸಿ ಇದ್ದರೆ ಅಲ್ಲಿಗೆ ನಿಲ್ಲಿಸಿ. ಟೋಪಿಯನ್ನಷ್ಟೇ ಬಿಡಿಸಬೇಕಿದ್ದರೆ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಲೋಹಕ್ಕೆ ಒತ್ತಿ ಹಿಡಿಯುವುದು ಇನ್ನೂ ಒಳ್ಳೆಯದು. ಶಾಖ ಬೇಕಾದ ಕಡೆಗೆ ಮಾತ್ರ ಹೋಗುತ್ತದೆ. ಗ್ಯಾಸ್ ಒಲೆ, ಮೇಣದ ಬತ್ತಿ ಹತ್ತಿರವೂ ಬೇಡ.

ಎಳೆಯುವಾಗ ಇಕ್ಕಳ ಹಾಕಬೇಡಿ. ಹಳೇ ಸೈಕಲ್ ಟ್ಯೂಬಿನ ತುಂಡನ್ನು ಸೀಟಿಗೆ ಸುತ್ತಿ, ಕೈಯಲ್ಲೇ ತಿರುಚುತ್ತಾ ಬುಡದ ಕಡೆಗೆ ಎಳೆಯಿರಿ. ಕಾರ್ಕ್ ಹಿಡಿಯನ್ನು ತೆಗೆಯಬೇಕಿಲ್ಲ, ಸೀಟ್ ಹಿಂದಿನಿಂದಲೇ ಬರುತ್ತದೆ.

ಕಕ್ಕಬ್ಬೆ_ಕಾರ್ಕ್

ಪಿನ್ ಸಿಕ್ಕಿತು! ಕುರುಡು ಪಿನ್, 1.2 ಮಿ.ಮೀ. ಕೊರೆದು ತೆಗೆದ ಮೇಲೆ ಸೀಟ್ ಪೂರ್ತಿ ಸುತ್ತು ತಿರುಗಿತು, ಎರಡು ಸಲ ಬಿಸಿ ಗಾಳಿ ಕೊಟ್ಟ ಮೇಲೆ ಟೋಪಿ ಸಮೇತ ಈಚೆ ಬಂತು. ಟೋಪಿ ಮರಕ್ಕೆ ಗಟ್ಟಿ ಕೂತಿದೆ. ಒಳಗಿದ್ದದ್ದು ಕಂದು ಬಣ್ಣದ ಗಾಜಿನಂಥ ಪುಡಿ, ಸ್ಪಿರಿಟ್ ತಾಗಿಸಿದರೆ ಕರಗುತ್ತೆ.

ಅಳತೆ: ಮರದ ಒಳತೂತು 9.8 ಮಿ.ಮೀ., ದುಂಡಗೆ ಮಾಡಿದ ಬಿದಿರಿನ ಬುಡ 9.0 ಮಿ.ಮೀ. ಬಿದಿರಲ್ಲಿ ಪಿನ್ನಿನ ತೂತು 3 ಮಿ.ಮೀ. ಉದ್ದಕ್ಕೆ ಹರಿದಿದೆ. ತುದಿಯಲ್ಲಿ ಆರು ಸೀಳಿನ ಗೆರೆಗಳ ಪೈಕಿ ಒಂದು ಕಪ್ಪಾಗಿ ಕಾಣುತ್ತಿದೆ. ಇನ್ನು ಮುಂದೆ?

ಆರುಸೀಳು

ಸ್ಪಿರಿಟ್ಟಲ್ಲಿ ಕರಗಿದರೆ ಅದು ಅರಗು. ಹೊಸದರಲ್ಲಿ ಅದಕ್ಕೆ ಸ್ವಲ್ಪ ಬಾಗುವ ಗುಣ ಇರುತ್ತೆ, ಕಾಲ ಕಳೆದ ಹಾಗೆ ಗಾಜಾಗುತ್ತೆ. ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವಾಗ ಅರಗು ಜೊತೆಗೆ ಹೋಗಲಾರದೆ ಪುಡಿಯಾಗುತ್ತೆ. ಜುಲೈನಲ್ಲಿ ಗಟ್ಟಿ, ಫೆಬ್ರವರಿಯಲ್ಲಿ ಸಡಿಲ ಅನ್ನೋದು ಇದರಿಂದಲೇ.

ಮೊದಲು ಆ ಕಪ್ಪು ಗೆರೆ. ಅಲ್ಲಿ ಸೀಳು ಬಿಟ್ಟುಕೊಂಡಿದೆ. ಉಗುರಿನಿಂದ ಒತ್ತಿ, ಗೆರೆ ಬಾಯಿ ತೆರೆದರೆ ಸೀಟಿಗಿಂತ ಮುಂಚೆ ಅದನ್ನು ಮುಚ್ಚಬೇಕು. ಬ್ಲೇಡಿನ ತುದಿಯಲ್ಲಿ ಮೆಲ್ಲಗೆ ಅಗಲಿಸಿ, ಸ್ವಲ್ಪ ಬೆಚ್ಚಗೆ ಮಾಡಿ ತೆಳುವಾದ ನಿಧಾನದ ಎಪಾಕ್ಸಿ ಇಳಿಸಿ, ಹತ್ತಿ ದಾರದಲ್ಲಿ ಬಿಗಿಯಾಗಿ ಸುತ್ತಿ ಒಂದು ದಿನ ಬಿಡಿ. ದಾರದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟರೆ ಆಮೇಲೆ ಬಿಚ್ಚೋದು ಸುಲಭ. ಹರಿದ ಪಿನ್ ತೂತಿಗೆ ಬಿದಿರಿನ ಸಣ್ಣ ಚಕ್ಕೆ ಕೆತ್ತಿ, ಎಳೆ ಉದ್ದಕ್ಕೆ ಬರೋ ಹಾಗೆ ಅದೇ ಎಪಾಕ್ಸಿಯಲ್ಲಿ ಕೂರಿಸಿ.

ಶುಚಿ ಮಾಡೋದು: ಪಾಲಿಶ್ ಕೆಲಸದವರ ಸ್ಪಿರಿಟ್ಟಲ್ಲಿ ಬಟ್ಟೆ ಅದ್ದಿ ಬಿದಿರು, ಮರದ ಒಳಗೆ ಎರಡೂ ಒರೆಸಿ. ಹಿಡಿಯ ಮೇಲ್ಗಡೆ ವಾರ್ನಿಶಿಗೆ ಸ್ಪಿರಿಟ್ ತಾಗಬಾರದು, ಅಲ್ಲೂ ಅರಗಿನ ಲೇಪ ಇದ್ದರೆ ಕಲೆಯಾಗುತ್ತೆ. ಆಮೇಲೆ 220 ನಂಬರಿನ ಉಪ್ಪುಕಾಗದ. ಬಿದಿರನ್ನು ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ಈಗಾಗಲೇ ದುಂಡಗೆ ಮಾಡುವಾಗ ಹೊರಗಿನ ಗಟ್ಟಿ ಎಳೆ ಸಾಕಷ್ಟು ಹೋಗಿದೆ, ಇನ್ನಷ್ಟು ತೆಗೆಯಬಾರದು.

ಅಂತರದ ಲೆಕ್ಕ: 9.8ರಲ್ಲಿ 9.0 ಕಳೆದರೆ 0.8, ಅಂದರೆ ಸುತ್ತಲೂ 0.4 ಮಿ.ಮೀ. ಎಪಾಕ್ಸಿ ಅಷ್ಟನ್ನು ತುಂಬುತ್ತೆ, ಆದರೆ ಬಿದಿರು ಒಂದು ಪಕ್ಕಕ್ಕೆ ವಾಲಿ ಕೂತರೆ ಸೀಟ್ ಸೊಟ್ಟ. ಅದಕ್ಕೆ ಹತ್ತಿ ಹೊಲಿಗೆ ದಾರವನ್ನು ಒಂದೇ ಪದರ, ಸುತ್ತಿಗೂ ಸುತ್ತಿಗೂ ನಡುವೆ 2 ಮಿ.ಮೀ. ಬಿಟ್ಟು, ಸುರುಳಿಯಾಗಿ ಸುತ್ತಿ. ದಾರ 0.2 ಮಿ.ಮೀ. ದಪ್ಪ ಇದ್ದರೆ ಸುತ್ತಲೂ 0.2 ಉಳಿಯುತ್ತೆ. ಅಂಟಿಗೆ ಅದು ಹದ. ನಡುವಿನ ಖಾಲಿ ಜಾಗದಲ್ಲಿ ಎಪಾಕ್ಸಿ ಬಿದಿರನ್ನೂ ಮರವನ್ನೂ ನೇರವಾಗಿ ಹಿಡಿಯುತ್ತೆ.

ಮಾಸ್ಕಿಂಗ್ ಟೇಪ್ ಸುತ್ತಿ ದಪ್ಪ ಮಾಡೋದು ಎಲ್ಲರೂ ಹೇಳೋ ಉಪಾಯ. ಕಾಗದ ನೀರು ಹೀರುತ್ತೆ, ಅದರ ಗೋಂದು ಬೇಸಿಗೆಯಲ್ಲಿ ಜಾರುತ್ತೆ, ಎಪಾಕ್ಸಿಗೂ ಬಿದಿರಿಗೂ ನಡುವೆ ಗೋಡೆಯಾಗುತ್ತೆ. 1970ರ ದಶಕದ ಫೈಬರ್‌ಗ್ಲಾಸ್ ರಾಡುಗಳ ಸಡಿಲ ಸೀಟ್ ಬಿಚ್ಚಿದರೆ ಒಳಗೆ ಕೊಳೆತ ಟೇಪ್ ಸಿಗೋದು ಅಪರೂಪವೇನಲ್ಲ.

ಬೆಂಚ್_ವೈಸ್

ಯಾವ ಅಂಟು ಎಂಬುದಕ್ಕೆ ಬರೋಣ. ಐದು ನಿಮಿಷದ್ದು ಬೇಡ. ಸೀಟನ್ನು ಗೈಡುಗಳ (ರಾಡಿನ ಮೇಲೆ ಲೈನ್ ಹಾಯುವ ಉಂಗುರಗಳ) ಸಾಲಿಗೆ ತರುವಷ್ಟರಲ್ಲಿ ಅದು ಗಟ್ಟಿಯಾಗುತ್ತದೆ, ನೀರಿಗೆ, ಬಿಸಿಲಿಗೆ ತಾಳಿಕೆಯೂ ಕಡಿಮೆ. ಸೂಪರ್ ಗ್ಲೂ ಅಂತರ ತುಂಬುವುದಿಲ್ಲ, ಪೆಟ್ಟಿಗೆ ಸಿಡಿಯುತ್ತದೆ. ಫೆವಿಕಾಲ್ ಒದ್ದೆಯಾದರೆ ಮೆತ್ತಗಾಗುತ್ತದೆ. ಉಬ್ಬುವ ಪಾಲಿಯುರೆಥೇನ್ ಅಂಟು ನೊರೆಯೆದ್ದು ರಾತ್ರಿಯಲ್ಲಿ ಸೀಟನ್ನೇ ಹೊರಗೆ ತಳ್ಳುತ್ತದೆ. ಎರಡು ಟ್ಯೂಬಿನ ನಿಧಾನದ ಅರಾಲ್ಡೈಟ್ ತೆಗೆದುಕೊಳ್ಳಿ, ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಇದೆ.

ಈ ಸೀಟಿಗೆ ಒಟ್ಟು 3–4 ಗ್ರಾಂ ಸಾಕು. ಆದರೆ ತೀರಾ ಸ್ವಲ್ಪ ಕಲಸಿದರೆ ಪ್ರಮಾಣ ತಪ್ಪುತ್ತದೆ, ಆದ್ದರಿಂದ ಎರಡು ಟ್ಯೂಬಿನಿಂದಲೂ ಒಂದೇ ದಪ್ಪದ ಗೆರೆಯನ್ನು ಸಮ ಉದ್ದಕ್ಕೆ ಪಕ್ಕಪಕ್ಕ ಹಿಂಡಿ, ಎರಡು ನಿಮಿಷ ಪೂರ್ತಿ, ಅಂಚು ಕೆರೆದು ಕೆರೆದು ಕಲಸಿ. ಬಟ್ಟಲಿನ ಬದಲು ಚಪ್ಪಟೆ ಮುಚ್ಚಳದಲ್ಲಿ ಕಲಸಿ, ರಾಶಿಯಾಗಿದ್ದರೆ ತನ್ನಷ್ಟಕ್ಕೆ ಬಿಸಿಯಾಗಿ ಬೇಗ ಕಟ್ಟಿಕೊಳ್ಳುತ್ತದೆ. ಮಡಿಕೇರಿ ಕಡೆಯ ಚಳಿಯಲ್ಲಿ ಟ್ಯೂಬುಗಳನ್ನು ಐದು ನಿಮಿಷ ಬೆಚ್ಚಗಿನ ನೀರಿನಲ್ಲಿಟ್ಟು ಒರೆಸಿಕೊಂಡರೆ ಅಂಟು ಸಲೀಸಾಗಿ ಹರಿಯುತ್ತದೆ.

ಇಲ್ಲಿ ತೊಂಬತ್ತು ಪಾಲು ಜನ ಎಡವುವ ಜಾಗ ಗಾಳಿ. ಟೋಪಿ ಹಿಂದೆ ಮುಚ್ಚಿದೆ, ಮುಂದಿನಿಂದ ಬಿದಿರು ಪಿಸ್ಟನ್ನಿನಂತೆ ಒಳಗೆ ಹೋಗುತ್ತದೆ. ಒಳಗಿನ ಗಾಳಿಗೆ ದಾರಿಯಿಲ್ಲ. ಒತ್ತಿ ಕೂರಿಸಿ ಮಲಗಿದರೆ ಬೆಳಿಗ್ಗೆ ಸೀಟ್ 2–3 ಮಿ.ಮೀ. ಹಿಂದೆ ಸರಿದು ಕಾರ್ಕಿಗೂ ಮರಕ್ಕೂ ನಡುವೆ ಬಿರುಕು ಕಾಣುತ್ತದೆ. ಬಿದಿರಿನ ಮೇಲೆ ಉದ್ದಕ್ಕೆ ಒಂದು ದಾರಿ ದಾರ ಸುತ್ತದೆ ಬಿಡಿ ಎನ್ನುವವರಿದ್ದಾರೆ, ನಿಮ್ಮಲ್ಲಿ ಅದಕ್ಕಿಂತ ಸುಲಭದ್ದಿದೆ: ಖಾಲಿಯಾದ ಪಿನ್ ತೂತು. ಅದನ್ನು ತೆರೆದೇ ಇಡಿ, ಗಾಳಿಯೂ ಹೆಚ್ಚಿನ ಅಂಟೂ ಅಲ್ಲಿಂದ ಬರುತ್ತದೆ. ಬಿದಿರಿಗೆ ಧಾರಾಳವಾಗಿ, ಮರದ ಒಳಗೆ ಬಾಯಿಯ ಹತ್ತಿರ ತೆಳ್ಳಗೆ ಹಚ್ಚಿ. ತಿರುಗಿಸುತ್ತಾ ತೂರಿಸಿ.

ಜಾರುವ ಬಳೆಯನ್ನು ಮೊದಲೇ ಮರದ ಮೇಲೆ ಹಾಕಿರಬೇಕು. ಮರೆತರೆ ಮುಗಿಯಿತು. ಬಳೆಯ ಒಳಗೂ ಟೋಪಿಯ ಬಾಯಿಗೂ ಮೇಣ ಸವರಿ, ಅಂಟು ಹತ್ತುವುದಿಲ್ಲ.

ಕೂರಿಸಿದ ಕೂಡಲೇ ರೀಲ್ ಹಾಕಿ, ಬುಡದ ಕಡೆಯಿಂದ ಗೈಡುಗಳ ಸಾಲಿನಲ್ಲಿ ಒಂದು ಕಣ್ಣು ಮುಚ್ಚಿ ನೋಡಿ. ರೀಲಿನ ಪಾದದ ನಡುಗೆರೆ ಗೈಡುಗಳ ಗೆರೆಗೆ ಕೂಡಬೇಕು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ರೀಲಿನ ಭಾರಕ್ಕೆ ಮೆಲ್ಲಗೆ ತಿರುಗಿರುತ್ತದೆ. ಸರಿಯಾದ ಮೇಲೆ ರೀಲ್ ತೆಗೆದು, ಟೋಪಿಯಿಂದ ಹಿಡಿಯ ತನಕ ಸೈಕಲ್ ಟ್ಯೂಬಿನ ಪಟ್ಟಿ ಉದ್ದಕ್ಕೆ ಎಳೆದು ಕಟ್ಟಿ. ಹೊರಬಂದ ಅಂಟನ್ನು ಮೊದಲು ಒಣ ಬಟ್ಟೆ, ಆಮೇಲೆ ಸ್ವಲ್ಪವೇ ಸ್ಪಿರಿಟ್. 24 ಗಂಟೆ, ಚಳಿಯಿದ್ದರೆ 48.

ಮೆಲ್ಲಗೆ_ಮಾರಾಯ್ರೆ

ಒಂದು ತಕರಾರು. ಎಂಬತ್ತು ತೊಂಬತ್ತು ವರ್ಷ ಹಳೇ ರಾಡಿಗೆ ಅರಾಲ್ಡೈಟ್ ಯಾಕೆ? ಮೊದಲು ಮಾಡಿದವನು ಅರಗು ಹಾಕಿದ್ದಕ್ಕೆ ಇವತ್ತು ಹೇರ್ ಡ್ರೈಯರಲ್ಲಿ ಬಿಚ್ಚಿತು. ನಮ್ಮ ಕಡೆ ಕತ್ತಿಯ ಹಿಡಿಗೆ ಅರಗು ಕಾಯಿಸಿ ಹಾಕೋದೂ ಇದಕ್ಕೇ, ಸಡಿಲ ಆದರೆ ಕಾಯಿಸಿ ಮತ್ತೆ ಕೂರಿಸಬಹುದು. ನಾಳೆ ಈ ಮರ ಸೀಳಿದರೆ ಎಪಾಕ್ಸಿಯಿಂದ ಅದನ್ನು ಉಳಿಯಲ್ಲಿ ಕೆತ್ತಿಯೇ ತೆಗೀಬೇಕು.

ಆರುಸೀಳು

ತಕರಾರು ನ್ಯಾಯವಾದದ್ದೇ. ಪ್ರದರ್ಶನಕ್ಕಿಡುವ ರಾಡಾದರೆ ನಿಮ್ಮ ಮಾತಿಗೇ ನನ್ನ ಓಟು. ಆದರೆ ಅರಗು ಇಲ್ಲಿ ಎರಡು ಕಡೆ ಸೋಲುತ್ತೆ. ಸುತ್ತಲೂ 0.4 ಮಿ.ಮೀ. ಅಂತರದಲ್ಲಿ ದಪ್ಪ ಅರಗು ಬೇಗ ಬಿರಿಯುತ್ತೆ. ಎರಡನೆಯದು, ಅರಗು ಸುಮಾರು 75 ಡಿಗ್ರಿಗೆ ಕರಗುತ್ತೆ, ಅದಕ್ಕಿಂತ ಮುಂಚೆಯೇ ಮೆತ್ತಗಾಗುತ್ತೆ. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಹತ್ತಿರ ಹೋಗೋದು ಕಷ್ಟವೇನಲ್ಲ. ಗ್ಲೂ ಗನ್ ಕಡ್ಡಿಯೂ ಅದೇ ಕಾರಣಕ್ಕೆ ಬೇಡ.

ನಡುದಾರಿ ಹೀಗೆ: ಮರ ಮತ್ತು ಬಿದಿರಿಗೆ ಎಪಾಕ್ಸಿ. ಟೋಪಿ ಎಂದಾದರೂ ಬಿಟ್ಟರೆ ಅದಕ್ಕೆ ಅರಗು ಮತ್ತು ಪಿನ್, ಯಾಕೆಂದರೆ ಲೋಹವನ್ನು ಕಾಯಿಸಿ ತೆಗೆಯೋದು ಸುಲಭ. ಹೊಸ ಪಿನ್ ಬಿದಿರಿನ ತನಕ ಹೋಗಬಾರದು. ಮರದ ಗೋಡೆ 3.5 ಮಿ.ಮೀ. ಇದ್ದರೆ ಪಿನ್ 3 ಮಿ.ಮೀ. ಸಾಕು, ಟೋಪಿಯನ್ನು ಮರಕ್ಕೆ ಹಿಡಿದರೆ ಅದರ ಕೆಲಸ ಮುಗೀತು. ಎಪಾಕ್ಸಿ ಒಣಗಿದ ಮೇಲೆ ಆ ತೂತನ್ನು ಕೈಯಲ್ಲಿ 3 ಮಿ.ಮೀ. ಕೊರೆದು ತಂತಿ ಕೂರಿಸಿ. ತಂತಿ ಜರ್ಮನ್ ಸಿಲ್ವರ್‌ದೇ ಇರಲಿ. ಪೂಜೆ ಸಾಮಾನಿನ ಅಂಗಡಿಯಲ್ಲಿ ಆ ಹೆಸರಲ್ಲಿ ಬರೀ ಬೆಳ್ಳಿ ಲೇಪದ ಮಾಲೂ ಸಿಗುತ್ತೆ, ಕತ್ತರಿಸಿದ ತುದಿ ಹಳದಿಯಾಗಿ ಕಂಡರೆ ಅದು ಹಿತ್ತಾಳೆ.

ಕಕ್ಕಬ್ಬೆ_ಕಾರ್ಕ್

ಕೊನೇ ಎರಡು. ಮರದಲ್ಲಿ ಬಾಯಿಯ ಹತ್ತಿರ ಕೂದಲೆಳೆಯ ಬಿರುಕಿದೆ, ಹೊಸ ಕೊಳವೆ ಮಾಡಿಸಬೇಕಾ? ಮತ್ತೆ, ರಾಡಿಗೆ 240 ಗ್ರಾಂ ರೀಲ್ ಹಾಕಬಹುದಾ?

ಲೇತ್‌ಮನೆ

ಬಿರುಕು ಕೂದಲೆಳೆಯಷ್ಟೇ ಆದರೆ ಅದೇ ಮರ ಇರಲಿ. ಸೀಟ್ ಅಂಟಿಸುವಾಗಲೇ ಬಿರುಕಿಗೆ ಎಪಾಕ್ಸಿ ಇಳಿಸಿ, ಮೇಲಿಂದ ದಾರ ಸುತ್ತಿ ಬಿಗಿಮಾಡಿ.

ಮಾಡಿಸಲೇಬೇಕಾದ ದಿನ ಬಂದರೆ: ಚನ್ನಪಟ್ಟಣದ ಬೊಂಬೆಗೆ ಬಳಸೋ ಹಾಲೆಮರ ಬೇಡ, ಕಡೆಯೋಕೆ ಚೆನ್ನ, ಇದಕ್ಕೆ ಮೆತ್ತಗಾಯಿತು. ಮುರಿದ ಹಳೇ ಬೀಟೆ ಕುರ್ಚಿಯ ಕಾಲು ಇದ್ದರೆ ಅದಕ್ಕಿಂತ ಒಣಗಿದ ಮರ ಎಲ್ಲೂ ಸಿಗಲ್ಲ. ಕಡೆಯುವವರಿಗೆ ಒಂದೇ ಮಾತು ಹೇಳಿ: ತೂತು ಮೊದಲು, ಕಡೆಯೋದು ಆಮೇಲೆ. ಮೊದಲು ದುಂಡಗೆ ಕಡೆದು ಆಮೇಲೆ 85 ಮಿ.ಮೀ. ಕೊರೆದರೆ ಬಿಟ್ ಎಳೆ ಹಿಡಿದು ಪಕ್ಕಕ್ಕೆ ಹೋಗುತ್ತೆ, ಒಂದು ಗೋಡೆ ದಪ್ಪ, ಒಂದು ತೆಳ್ಳಗೆ. ತೂತಿನಲ್ಲಿ ಸರಳು ತೂರಿಸಿ, ಅದನ್ನೇ ನಡುವಾಗಿ ಇಟ್ಟುಕೊಂಡು ಹೊರಮೈ ಕಡೆದರೆ ಎಲ್ಲ ಕಡೆ ಸಮ. ತೂತು 9.5 ಮಿ.ಮೀ. ಇರಲಿ, ದಾರ ಕೂಡ ಬೇಕಾಗಲ್ಲ. ವಾರ್ನಿಶ್ ಹಚ್ಚುವಾಗ ಎರಡೂ ತುದಿಯ ಅಡ್ಡಗೊಯ್ತಕ್ಕೆ ಮೂರು ಕೈ, ಮೈಗೆ ಎರಡು ಕೈ. ನೀರು ಹೊಕ್ಕೋದು ತುದಿಯಿಂದ.

ರೀಲ್ 240 ಗ್ರಾಂ ಪರವಾಗಿಲ್ಲ, 9 ಅಡಿ ಬಿದಿರಿಗೆ ಹಿಂದೆ ಅಷ್ಟು ಭಾರ ಇದ್ದರೆ ಕೈಗೆ ಹದವಾಗೇ ಕೂರುತ್ತೆ. ಬಳೆಯನ್ನು ಮಾತ್ರ ಬಡಿದು ಬಿಗಿ ಮಾಡಬೇಡಿ, ಹೆಬ್ಬೆರಳಿನ ಒತ್ತು ಸಾಕು. ಸಾಲದೆ ಜಾರಿದರೆ ಪಾದದ ಕೆಳಗೆ ತೆಳ್ಳಗಿನ ಚರ್ಮದ ತುಂಡು ಇಡಿ. ಮೊದಲ ವಾರ ಹುಲ್ಲಿನ ಮೇಲೆ ಲೈನ್ ಬೀಸಿ ಅಭ್ಯಾಸ ಮಾಡಿ, ಟೇಪಿನ ಗೆರೆ ಹಾಗೇ ಇರಲಿ. ಗೆರೆ ಕದಲದಿದ್ದರೆ ಟೇಪ್ ಕಿತ್ತು ಹಾಕಿ. ಟ್ರೌಟ್ ಮೀನಿಗೆ ಮಾತ್ರ, ಆಯ್ತಾ. ಕಾವೇರಿಯ ಬಿಳಿಮೀನಿಗೆ (ಮಹಶೀರ್) ಈ ರಾಡ್ ಒಡ್ಡಿದರೆ ಮುರಿಯೋದು ಸೀಟಲ್ಲ.

ಕಕ್ಕಬ್ಬೆ_ಕಾರ್ಕ್

ಸೀಳು ಮುಚ್ಚಿ ದಾರ ಕಟ್ಟಿಟ್ಟಿದ್ದೀನಿ. ನಾಳೆ ಸಂಜೆ ಸೀಟ್. ಬಳೆಯನ್ನು ಈಗಲೇ ಮರಕ್ಕೆ ಹಾಕಿ ಟೇಪ್ ಹಚ್ಚಿಟ್ಟೆ, ಮರೆಯಬಾರದು ಅಂತ.